ಮಾಲವಣದ ಸ್ನಾರ್ಕೆಲಿಂಗ್: ತಯಾರಿ ಬೆಳಗಾವಿಯ ಬಚ್ಚಲಿನಿಂದಲೇ

ಬೆಳಗಾವಿ ಮಂದಿಗೆ ಸಮುದ್ರ ಅಂದರೆ ಗೋವಾ. ಆದರೆ ಮಕ್ಕಳಿಗೆ ನೀರೊಳಗಿನ ಮೀನು ತೋರಿಸಬೇಕೆಂದರೆ ನನ್ನ ಮತ ಮಹಾರಾಷ್ಟ್ರ ಕರಾವಳಿಯ ಮಾಲವಣಕ್ಕೆ. ಅಲ್ಲಿ ಸ್ನಾರ್ಕೆಲಿಂಗ್ ಮಾಡಬಹುದು, ಅಂದರೆ ಕಣ್ಣು-ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿ, ಉಸಿರಾಟದ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು. ಶಿನೋಳಿ, ಅಂಬೋಲಿ ಘಾಟ್, ಸಾವಂತವಾಡಿ ಹಾದು ಕಾರಿನಲ್ಲಿ ಹೆಚ್ಚುಕಡಿಮೆ ನಾಲ್ಕು ತಾಸು. ಶಿವಾಜಿ 1664ರಲ್ಲಿ ಕಟ್ಟಿಸಲು ಶುರುಮಾಡಿದ ಸಿಂಧುದುರ್ಗ ಕೋಟೆಯ ಸುತ್ತಲಿನ ಬಂಡೆಗಳ ನಡುವೆ ಹವಳ, ಬಣ್ಣಬಣ್ಣದ ಮೀನು ಕಾಣಸಿಗುತ್ತವೆ.

ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ. ಮಳೆಗಾಲದಲ್ಲಿ ದೋಣಿ ಬಂದ್. ನವೆಂಬರಿನಿಂದ ಫೆಬ್ರುವರಿವರೆಗೆ ನೀರು ತಿಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನ ಬಿಟ್ಟುಬಿಡಿ. ಆಗ ಉಬ್ಬರ-ಇಳಿತ ಜೋರು, ಸೆಳೆತವೂ ಹೆಚ್ಚು. ಮರಳು ಕದಡಿದರೆ ಮೀನು ಕಾಣುವುದಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ದೋಣಿಯವರನ್ನು ಕೇಳಿ ಹೊತ್ತು ಗೊತ್ತುಮಾಡಿಕೊಳ್ಳಿ.

ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ನನ್ನಂಥವರಿಗೆ ಒಂದು ಜಂಬ ಇರುತ್ತದೆ. ಸಮುದ್ರದಲ್ಲಿ ಅದು ಎರಡೇ ನಿಮಿಷಕ್ಕೆ ಇಳಿಯಿತು. ಇಲ್ಲಿ ಕೈಕಾಲು ಬಡಿಯುವುದಲ್ಲ, ಮೂಗು ಮರೆತು ಬಾಯಿಯಿಂದ ಉಸಿರಾಡುವುದೇ ವಿದ್ಯೆ. ಅದನ್ನು ಬಚ್ಚಲಲ್ಲೇ ಕಲಿಯಬಹುದು. ಬಕೆಟ್ ತುಂಬಿಸಿ, ಮಾಸ್ಕ್ ಹಾಕಿ, ಕೊಳವೆ ಕಚ್ಚಿಕೊಂಡು ಮುಖ ಮುಳುಗಿಸಿ. ಪಕ್ಕದಲ್ಲಿ ದೊಡ್ಡವರು ನಿಂತಿರಲಿ. ಮೊದಲ ದಿನ ಮಗಳು ತಲೆ ಎತ್ತಿ, "ಅಪ್ಪಾ, ಉಸುರು ಕಟ್ಟತೈತಿ" ಅಂದಳು. "ಗಡಿಬಿಡಿ ಮಾಡಬ್ಯಾಡವಾ, ಬಾಯಿಲೆ ಸಾವಕಾಶ ತಗೋ" ಅಂದೆ. ಮೂರನೇ ಸಂಜೆ ಬಕೆಟ್ಟಿನಿಂದ ಅವಳನ್ನು ಎಬ್ಬಿಸುವುದೇ ಕಷ್ಟವಾಯಿತು.

ಮಾಸ್ಕ್ ಸರಿಹೊಂದುತ್ತದೋ ಇಲ್ಲವೋ ನೋಡಲು, ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮದು. ನಮ್ಮ ಮಾವನವರ ಗಿರಿಜಾ ಮೀಸೆಯ ಸಂದಿಯಿಂದ ನೀರು ನುಗ್ಗುತ್ತಿತ್ತು. ಮೀಸೆ ಬೋಳಿಸುವ ಮಾತೇ ಇರಲಿಲ್ಲ. ವ್ಯಾಸಲಿನ್ ಮೆತ್ತಿದ ಮೇಲೆ ಸರಿಹೋಯಿತು.

ಹೊರಡುವ ಬೆಳಿಗ್ಗೆ ಮಿರ್ಚಿ-ಭಜಿ ಬೇಡ. ಬಾಳೆಹಣ್ಣು, ಒಣ ರೊಟ್ಟಿ ಸಾಕು. ವಾಂತಿಯಾಗುವವರು ಡಾಕ್ಟರನ್ನು ಕೇಳಿ, ಗುಳಿಗೆಯನ್ನು ದೋಣಿ ಹತ್ತುವ ಮುಂಚೆಯೇ ನುಂಗಬೇಕು. ಹೊಟ್ಟೆ ತೊಳಸಿದ ಮೇಲೆ ನುಂಗಿ ಉಪಯೋಗವಿಲ್ಲ. ದೋಣಿಯಲ್ಲಿ ಮೊಬೈಲ್ ಬಿಟ್ಟು ದೂರದ ದಿಗಂತ ನೋಡುತ್ತ ಕೂರಿ.

ಲೈಫ್ ಜಾಕೆಟ್ ಮಕ್ಕಳ ಅಳತೆಯದೇ ಕೇಳಿ. ಭುಜದ ಹತ್ತಿರ ಹಿಡಿದು ಮೇಲಕ್ಕೆತ್ತಿದರೆ ಅದು ಕಿವಿಯವರೆಗೆ ಜಾರಬಾರದು. ಮಾಸ್ಕಿನ ಒಳಗಾಜಿಗೆ ಉಗುಳು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ. ಹೇಸಿಗೆ ಅನಿಸಿದರೂ ಇದರಷ್ಟು ಸುಲಭದ ಉಪಾಯ ಇಲ್ಲ. ಬೋರಲು ಮಲಗಿ ತೇಲಿ. ಕೊಳವೆಗೆ ನೀರು ಬಂದರೆ ಜೋರಾಗಿ ಊದಿ ಹೊರಹಾಕಿ. ಹವಳದ ಮೇಲೆ ನಿಲ್ಲಬೇಡಿ: ಅದು ಜೀವಂತ ಪ್ರಾಣಿ, ಕಾಲೂ ಕೊಯ್ಯುತ್ತದೆ. ತುಂಬು ತೋಳಿನ ಅಂಗಿ ಇಲ್ಲದಿದ್ದರೆ ಬೆನ್ನು ಸುಟ್ಟು ರಾತ್ರಿ ನಿದ್ದೆ ಬಾರದು.

ಮಧ್ಯಾಹ್ನ ಪಕ್ಕದ ತಾರ್ಕರ್ಲಿ ಕಡಲತೀರದ ಮರಳಿಗೆ ಹೋಗಿ. ಅಲ್ಲಿ ಸೆಳವಿಗೆ ಸಿಕ್ಕರೆ ದಡದ ಕಡೆ ಗುದ್ದಾಡದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ.

ಮನೆಗೆ ಬಂದು ಮಾಸ್ಕನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ನಮ್ಮದು ಅಡುಗೆಮನೆಯ ಮೊಳೆಗೆ ತೂಗುಬಿದ್ದಿದೆ. ಉಳ್ಳಾಗಡ್ಡಿ ಹೆಚ್ಚುವಾಗ ಹೆಂಡತಿ ಅದನ್ನೇ ಹಾಕಿಕೊಳ್ಳುತ್ತಾಳೆ.