ಬುಕಿಂಗ್ ಪುಟದ ಟೆಸ್ಟ್ ಎಐಗೆ ಒಪ್ಪಿಸುವುದು ಹೇಗೆ?

ನಮ್ಮೂರಿನ ಹವ್ಯಾಸಿ ನಾಟಕ ತಂಡಕ್ಕೆ ಟಿಕೆಟ್ ಕಾಯ್ದಿರಿಸುವ ಸಣ್ಣದೊಂದು ವೆಬ್ ಪುಟ ಮಾಡಿಕೊಟ್ಟಿದ್ದೇನೆ. ಹೆಸರು, ಮೊಬೈಲ್ ಸಂಖ್ಯೆ, ಎಷ್ಟು ಟಿಕೆಟ್ ಎಂಬ ಮೂರು ಪ್ರಶ್ನೆ. ಗುಂಡಿ ಒತ್ತಿದರೆ ರಸೀದಿ. ಇಷ್ಟಕ್ಕೇ ಒಂದು ಕಡೆ ಕೈ ಹಾಕಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಪ್ರತಿ ಬದಲಾವಣೆಯ ನಂತರ ಕೂತು ‘ರಾಮ’, ‘ಭೀಮ’ ಎಂದು ಟೈಪ್ ಮಾಡಿ ನೋಡುವುದು ಎರಡೇ ವಾರದಲ್ಲಿ ಸಾಕಾಯಿತು. ಈಗ ಆ ಕೆಲಸವನ್ನು ಕೋಡ್ ಎಡಿಟರಿನೊಳಗಿನ ಎಐ ಸಹಾಯಕನಿಗೆ ಒಪ್ಪಿಸಿದ್ದೇನೆ. ಹೇಗೆ ಒಪ್ಪಿಸಿದೆ, ಎಲ್ಲಿ ಎಡವಿದೆ ಎಂಬುದು ಇಲ್ಲಿದೆ.

ಸಿದ್ಧತೆ

ಬೇಕಾದದ್ದು ಹೆಚ್ಚೇನಿಲ್ಲ. ವಿಎಸ್ ಕೋಡ್ ಎಡಿಟರ್, ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೂ ಓಡಿಸುವ ನೋಡ್ ಜೆಎಸ್, ಮತ್ತು ಮೇಲೆ ಹೇಳಿದ ಎಐ ಸಹಾಯಕ ಗಿಟ್‌ಹಬ್ ಕೋಪೈಲಟ್‌ನ ಖಾತೆ. ಕೋಪೈಲಟ್‌ನ ಉಚಿತ ಖಾತೆಗೆ ತಿಂಗಳ ಮಿತಿ ಇರುತ್ತದೆ, ಕಲಿಯಲು ಅಷ್ಟು ಸಾಕು. ಇವುಗಳ ಜೊತೆಗೆ ಪ್ಲೇರೈಟ್. ಮೈಕ್ರೋಸಾಫ್ಟ್ 2020ರಲ್ಲಿ ಬಿಡುಗಡೆ ಮಾಡಿದ ಈ ಮುಕ್ತ ತಂತ್ರಾಂಶ ಮನುಷ್ಯನ ಬದಲು ತಾನೇ ಬ್ರೌಸರ್ ತೆರೆದು, ಟೈಪ್ ಮಾಡಿ, ಗುಂಡಿ ಒತ್ತುತ್ತದೆ. ಏನು ಮಾಡಬೇಕು, ಕೊನೆಗೆ ಏನು ಕಾಣಬೇಕು ಎಂದು ಅದಕ್ಕೆ ಬರೆದುಕೊಡುವ ಕೋಡೇ ಟೆಸ್ಟ್. ಕ್ರೋಮ್‌ನ ತಳಹದಿಯಾದ ಕ್ರೋಮಿಯಂ, ಫೈರ್‌ಫಾಕ್ಸ್ ಮತ್ತು ಸಫಾರಿಯ ಎಂಜಿನ್ ಆದ ವೆಬ್‌ಕಿಟ್, ಈ ಮೂರರಲ್ಲೂ ಅದೇ ಟೆಸ್ಟ್ ಓಡುತ್ತದೆ.

ಎಡಿಟರಿನ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಪ್ಲೇರೈಟ್ ಎಂದು ಹುಡುಕಿ, ಮೈಕ್ರೋಸಾಫ್ಟ್ ಹೆಸರಿರುವುದನ್ನೇ ಹಾಕಿಕೊಳ್ಳಿ. ನಂತರ ಕಂಟ್ರೋಲ್, ಶಿಫ್ಟ್, ಪಿ ಮೂರನ್ನೂ ಒಟ್ಟಿಗೆ ಒತ್ತಿದರೆ ಆದೇಶಗಳ ಪಟ್ಟಿ ತೆರೆಯುತ್ತದೆ. ಅಲ್ಲಿ ‘ಇನ್‌ಸ್ಟಾಲ್ ಪ್ಲೇರೈಟ್’ ಆರಿಸಿ. ಬ್ರೌಸರ್‌ಗಳು ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಎಐಗೆ ಕಣ್ಣು ಕೊಡುವುದು

ಕೋಪೈಲಟ್‌ಗೆ ನಿಮ್ಮ ಕೋಡ್ ಕಾಣುತ್ತದೆ. ಆದರೆ ಓಡುತ್ತಿರುವ ಪುಟ ಕಾಣಬೇಕಾದರೆ ನಡುವೆ ಒಂದು ಸೇತುವೆ ಬೇಕು. ಎಐ ಮತ್ತು ಹೊರಗಿನ ಸಲಕರಣೆಗಳು ಮಾತಾಡಿಕೊಳ್ಳಲೆಂದು ಆಂಥ್ರೋಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್) ಎಂಬ ಮುಕ್ತ ನಿಯಮಾವಳಿಯನ್ನು ಹೊರತಂದಿತು. ಅದನ್ನು ಅನುಸರಿಸುವ ಪ್ಲೇರೈಟ್ ಎಂಸಿಪಿ ಸರ್ವರ್ 2025ರಲ್ಲಿ ಬಂತು, ನಮಗೆ ಬೇಕಾದ ಸೇತುವೆ ಇದೇ. ಅದೇ ಆದೇಶಗಳ ಪಟ್ಟಿಯಲ್ಲಿ ‘ಎಂಸಿಪಿ: ಆ್ಯಡ್ ಸರ್ವರ್’ ಆರಿಸಿ ಇದನ್ನು ಸೇರಿಸಿಕೊಳ್ಳಬಹುದು. ಇದನ್ನು ನಂಬುತ್ತೀರಾ ಎಂದು ಎಡಿಟರ್ ಕೇಳುತ್ತದೆ. ಯಾರು ಪ್ರಕಟಿಸಿದ್ದು ಎಂದು ನೋಡಿಯೇ ಹೂಂ ಅನ್ನಿ.

ಇಲ್ಲೊಂದು ಸ್ವಾರಸ್ಯವಿದೆ. ಈ ಸರ್ವರ್ ಸಾಮಾನ್ಯವಾಗಿ ಎಐಗೆ ಪುಟದ ಚಿತ್ರವನ್ನು ಕೊಡುವುದಿಲ್ಲ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಯಾವ ಮಾಹಿತಿಯನ್ನು ಓದುತ್ತದೆಯೋ ಅದನ್ನೇ ಪಟ್ಟಿ ಮಾಡಿ ಕೊಡುತ್ತದೆ: ಇದು ಗುಂಡಿ, ಇದರ ಹೆಸರು ‘ಟಿಕೆಟ್ ಕಾಯ್ದಿರಿಸಿ’, ಇದು ಪೆಟ್ಟಿಗೆ, ಇದರ ಹೆಸರು ‘ಮೊಬೈಲ್’. ಟಿಕೆಟ್ ಹೆಚ್ಚಿಸುವ ಗುಂಡಿಗೆ ನಾನು ಬರೀ ಚಿತ್ರ ಹಾಕಿ, ಹೆಸರು ಕೊಡದೆ ಬಿಟ್ಟಿದ್ದೆ. ಎಐ ಅಲ್ಲೇ ತಡವರಿಸಿತು. ಕಣ್ಣು ಕಾಣದ ಪ್ರೇಕ್ಷಕರೊಬ್ಬರು ಟಿಕೆಟ್ ಮಾಡಲು ಬಂದಿದ್ದರೆ ಅವರೂ ಅಲ್ಲೇ ನಿಲ್ಲಬೇಕಾಗುತ್ತಿತ್ತು. ಒಂದೂ ಟೆಸ್ಟ್ ಬರೆಯುವ ಮೊದಲೇ ಒಂದು ದೋಷ ಸಿಕ್ಕಿತು.

ಹೇಳಿ ಮಾಡಿಸುವುದು

ಚಾಟ್ ಪೆಟ್ಟಿಗೆಯಲ್ಲಿ ಏಜೆಂಟ್ ಮೋಡ್ ಆರಿಸಿಕೊಳ್ಳಿ, ಆಗ ಎಐ ಬರೀ ಉತ್ತರ ಹೇಳದೆ ತಾನೇ ಕೆಲಸ ಮಾಡುತ್ತದೆ. ‘ನನ್ನ ಪುಟಕ್ಕೆ ಟೆಸ್ಟ್ ಬರೆ’ ಎಂದಷ್ಟೇ ಹೇಳಿದರೆ ಹತ್ತು ಟೆಸ್ಟ್ ಬರುತ್ತವೆ, ಒಂಬತ್ತು ಕಸ. ಕಚೇರಿಗೆ ಹೊಸದಾಗಿ ಸೇರಿದ ಹುಡುಗನಿಗೆ ಹೇಳುವ ಹಾಗೆ ಹೇಳಬೇಕು. ಕನ್ನಡದಲ್ಲೇ ಹೇಳಬಹುದು, ಗುಂಡಿಗಳ ಹೆಸರು ಪುಟದಲ್ಲಿ ಇರುವ ಹಾಗೆಯೇ ಇದ್ದರೆ ಸಾಕು. ನಾನು ಮೊದಲ ಸಲ ಬರೆದದ್ದು ಹೀಗೆ:

‘ನನ್ನ ಕಂಪ್ಯೂಟರಿನಲ್ಲಿ ಓಡುತ್ತಿರುವ ಪುಟ ತೆರೆ. ಲಕ್ಷ್ಮೀನರಸಿಂಹಮೂರ್ತಿ ಎಂಬ ಹೆಸರಿನಲ್ಲಿ 2 ಟಿಕೆಟ್ ಕಾಯ್ದಿರಿಸು. ರಸೀದಿಯಲ್ಲಿ ಹೆಸರು ಬಂದಿದೆಯೇ ನೋಡು. ಇದನ್ನೆಲ್ಲ ಮೊದಲು ಬ್ರೌಸರಿನಲ್ಲಿ ಮಾಡಿ, ನಂತರ ಪ್ಲೇರೈಟ್ ಟೆಸ್ಟ್ ಆಗಿ ಬರೆ.’

ಬ್ರೌಸರ್ ತಾನಾಗಿ ತೆರೆದುಕೊಂಡು ಹೆಸರು ತುಂಬುವುದನ್ನು ಮೊದಲ ಸಲ ನೋಡುವಾಗ ಮೈ ಜುಮ್ಮೆನ್ನುತ್ತದೆ. ಹೊಸ ಹೆಜ್ಜೆಗಳಿಗೆಲ್ಲ ಎಐ ಅನುಮತಿ ಕೇಳುತ್ತದೆ. ಶುರುವಿನಲ್ಲಿ ಒಂದೊಂದನ್ನೂ ಓದಿ ಒಪ್ಪಿಗೆ ಕೊಡಿ, ‘ಯಾವಾಗಲೂ ಸರಿ’ ಎಂದು ಒತ್ತಿಬಿಡಬೇಡಿ. ಜನ ಬಳಸುತ್ತಿರುವ ಅಸಲಿ ಪುಟದ ಮೇಲೆ ಇದನ್ನು ಬಿಡಲೇಬಾರದು. ಇಲ್ಲದ ಪ್ರೇಕ್ಷಕರಿಗೆ ನಲವತ್ತು ಸೀಟು ಹೋಗಿಬಿಟ್ಟೀತು. ಅಸಲಿ ಪಾಸ್‌ವರ್ಡನ್ನೂ ಚಾಟ್‌ನಲ್ಲಿ ಬರೆಯಬೇಡಿ.

ಹಸಿರು ಗುರುತಿನ ಮೋಸ

ಐದು ನಿಮಿಷದಲ್ಲಿ ಟೆಸ್ಟ್ ಸಿದ್ಧವಾಯಿತು. ಓಡಿಸಿದೆ, ಪಾಸ್ ಎಂಬ ಹಸಿರು ಗುರುತು ಬಿತ್ತು. ಖುಷಿಯಾಗಿ ಎದ್ದುಹೋದೆ. ಆ ಭಾನುವಾರ ನಾಟಕದ ಬಾಗಿಲಲ್ಲಿ, ಅಷ್ಟೇ ಉದ್ದದ ಹೆಸರಿನ ಹಿರಿಯರೊಬ್ಬರು ರಸೀದಿ ಚಾಚಿ ಕೇಳಿದರು: ‘ನನ್ನ ಹೆಸರಿನ ಬಾಲ ಕತ್ತರಿಸಿದ್ದು ಯಾರಪ್ಪಾ?’

ಕತ್ತರಿಸಿದ್ದು ನಾನೇ. ರಸೀದಿಯ ಸಾಲು ಮೀರದಿರಲಿ ಎಂದು ಹೆಸರನ್ನು 15 ಅಕ್ಷರಕ್ಕೆ ನಿಲ್ಲಿಸುವ ಒಂದು ಸಾಲು ಕೋಡ್ ಬರೆದು ಮರೆತಿದ್ದೆ. ‘ಲಕ್ಷ್ಮೀನರಸಿಂಹಮೂರ್ತಿ’ ನಮ್ಮ ಕಣ್ಣಿಗೆ ಎಂಟು ಅಕ್ಷರ. ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ 19, ಏಕೆಂದರೆ ಅದು ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ (್), ಗುಡಿಸು, ಕೊಂಬು, ಸೊನ್ನೆ ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. 15ಕ್ಕೆ ಕತ್ತರಿಸಿದರೆ ಉಳಿಯುವುದು ‘ಲಕ್ಷ್ಮೀನರಸಿಂಹಮೂ’.

ಹಾಗಾದರೆ ಟೆಸ್ಟ್ ಹಸಿರಾದದ್ದು ಹೇಗೆ? ಮನೆಗೆ ಬಂದು ಫೈಲ್ ತೆರೆದೆ. ಕೊನೆಯ ಸಾಲಿನಲ್ಲಿ ಎಐ ಬರೆದಿತ್ತು: ರಸೀದಿಯಲ್ಲಿ ‘ಲಕ್ಷ್ಮೀನರಸಿಂಹಮೂ’ ಎಂದಷ್ಟೇ ಇರಬೇಕು. ತೆರೆಯ ಮೇಲೆ ಕಂಡದ್ದನ್ನೇ ಅದು ಸರಿಯುತ್ತರವೆಂದು ತಿಳಿದುಕೊಂಡಿತ್ತು. ನನ್ನ ತಪ್ಪಿಗೆ ಕಾವಲು ನಿಲ್ಲಿಸಿತ್ತು. ಯಾರಾದರೂ ಆ ದೋಷವನ್ನು ಸರಿಪಡಿಸಿದ್ದರೆ ಆಗ ಟೆಸ್ಟ್ ಕೆಂಪಾಗುತ್ತಿತ್ತು!

ಅಂದಿನಿಂದ ಏನು ಬರಬೇಕು ಎಂಬುದನ್ನು ನಾನೇ ಮೊದಲು ಬರೆದುಕೊಡುತ್ತೇನೆ. ‘ಹೆಸರು ಬಂದಿದೆಯೇ ನೋಡು’ ಅನ್ನುವುದಿಲ್ಲ. ‘ಟೈಪ್ ಮಾಡಿದ ಹೆಸರು ಒಂದಕ್ಷರ ಬಿಡದೆ ರಸೀದಿಯಲ್ಲಿರಬೇಕು, ಹಾಗಿಲ್ಲದಿದ್ದರೆ ಟೆಸ್ಟನ್ನು ಹೊಂದಿಸಬೇಡ, ನನಗೆ ಹೇಳು’ ಅನ್ನುತ್ತೇನೆ.

ಬರೆದದ್ದನ್ನು ಓದುವುದು, ಬೇಕೆಂದೇ ಕೆಡಿಸುವುದು

ಎಐ ಬರೆದ ಟೆಸ್ಟಿನಲ್ಲಿ ಕೊನೆಯ ‘ಹೀಗಿರಬೇಕು’ ಸಾಲುಗಳನ್ನು ಎಲ್ಲಕ್ಕಿಂತ ಮೊದಲು ಓದಿ. ಆಮೇಲೆ ‘ಮೂರು ಸೆಕೆಂಡ್ ಕಾಯಿ’ ಎಂಬಂಥ ಸಾಲುಗಳಿದ್ದರೆ ತೆಗೆಸಿ. ಗುಂಡಿ ಒತ್ತಲು ಸಿದ್ಧವಾಗುವವರೆಗೆ ಪ್ಲೇರೈಟ್ ತಾನೇ ಕಾಯುತ್ತದೆ, ನಿರೀಕ್ಷಿಸಿದ ಫಲಿತಾಂಶಕ್ಕೂ ಸಾಮಾನ್ಯವಾಗಿ 5 ಸೆಕೆಂಡ್ ಅವಕಾಶ ಕೊಡುತ್ತದೆ. ಗುಂಡಿಯನ್ನು ಅದರ ಹೆಸರಿನಿಂದ ಹುಡುಕುತ್ತಿದೆಯೋ, ಪುಟದ ಆಳದಲ್ಲಿ ‘ನಾಲ್ಕನೆಯ ಡಬ್ಬಿಯೊಳಗಿನ ಎರಡನೆಯದು’ ಎಂದು ಹುಡುಕುತ್ತಿದೆಯೋ ಅದನ್ನೂ ನೋಡಿ. ಎರಡನೆಯ ಬಗೆಯದು ವಿನ್ಯಾಸ ಬದಲಾದ ದಿನವೇ ಮುರಿಯುತ್ತದೆ.

ನಂತರ ಪುಟದ ಕೋಡನ್ನು ಬೇಕೆಂದೇ ಕೆಡಿಸಿ. ಒಬ್ಬರಿಗೆ 6 ಟಿಕೆಟ್ ಎಂಬ ಮಿತಿಯನ್ನು ನಾನು 7 ಮಾಡಿ ಓಡಿಸಿದೆ. ಮಿತಿಯ ಟೆಸ್ಟ್ ಹಸಿರಾಗಿಯೇ ಇತ್ತು! ತೆರೆದು ನೋಡಿದರೆ ಅದು ‘ಟಿಕೆಟ್ ಕಾಯ್ದಿರಿಸಿ’ ಗುಂಡಿ ಕಾಣುತ್ತಿದೆಯೇ ಎಂದಷ್ಟೇ ಪರೀಕ್ಷಿಸುತ್ತಿತ್ತು. ಕೆಂಪಾಗಲು ಬಾರದ ಟೆಸ್ಟನ್ನು ಅಳಿಸಿಬಿಡಿ.

ಕೆಂಪಾದಾಗ

ಟೆಸ್ಟ್ ಸೋತರೆ ಎಐ ತಕ್ಷಣ ‘ಸರಿಪಡಿಸಲೇ?’ ಅನ್ನುತ್ತದೆ. 2025ರ ಅಕ್ಟೋಬರ್‌ನ ಪ್ಲೇರೈಟ್ ಆವೃತ್ತಿಯಲ್ಲಿ ಇದಕ್ಕೆಂದೇ ಹೀಲರ್ ಎಂಬ ಏಜೆಂಟ್ ಬಂದಿದೆ. ಜೊತೆಗೆ ಯೋಜನೆ ಹಾಕಲು ಒಂದು, ಟೆಸ್ಟ್ ಬರೆಯಲು ಒಂದು. ಗುಂಡಿಯ ಹೆಸರು ಬದಲಾಗಿ ಟೆಸ್ಟ್ ಮುರಿದಿದ್ದರೆ ಹೀಲರ್ ಚೆನ್ನಾಗಿ ರಿಪೇರಿ ಮಾಡುತ್ತದೆ. ಪುಟವೇ ಕೆಟ್ಟಿದೆ ಅನ್ನಿಸಿದರೆ ಆ ಟೆಸ್ಟನ್ನು ಬದಿಗಿಡುತ್ತದೆ. ಬದಿಗಿಟ್ಟದ್ದು ವರದಿಯಲ್ಲಿ ಕೆಂಪಾಗಿ ಕಾಣುವುದಿಲ್ಲ, ಹಾಗಾಗಿ ಬಿಟ್ಟವುಗಳ ಪಟ್ಟಿಯನ್ನು ಬೇರೆಯಾಗಿಯೇ ನೋಡಬೇಕು. ಕಾರಣ ಹುಡುಕಲು ಟ್ರೇಸ್ ವ್ಯೂವರ್ ಇದೆ. ಹೆಜ್ಜೆ ಹೆಜ್ಜೆಗೂ ಪುಟ ಹೇಗಿತ್ತೆಂದು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಬಹುದು. ಎಐಯನ್ನು ಕೇಳುವ ಮೊದಲು ನಾನು ಅದನ್ನೇ ತೆರೆಯುತ್ತೇನೆ.

ಹೆಸರು ಕತ್ತರಿಸುವ ಸಾಲನ್ನು ತೆಗೆದು, ಉದ್ದದ ಹೆಸರು ಎರಡು ಸಾಲಾಗಲಿ ಎಂದು ಬಿಟ್ಟೆ. ‘ಜನ ಇನ್ನೇನೇನು ತಪ್ಪಾಗಿ ತುಂಬಬಹುದು?’ ಎಂದು ಎಐಯನ್ನು ಕೇಳಿದಾಗ ಖಾಲಿ ಹೆಸರು, ಸೊನ್ನೆ ಟಿಕೆಟ್, ಒಂಬತ್ತೇ ಅಂಕಿಯ ಮೊಬೈಲ್ ಎಂದು ಒಳ್ಳೆಯ ಪಟ್ಟಿಯನ್ನೇ ಕೊಟ್ಟಿತು. ಕನ್ನಡ ಅಂಕಿ ಅದರಲ್ಲಿರಲಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಅಂಕಿಯನ್ನು ಗುರುತಿಸುವ ಸಾಮಾನ್ಯ ಸೂತ್ರಕ್ಕೆ 0ಯಿಂದ 9 ಮಾತ್ರ ಗೊತ್ತು, ೦ಯಿಂದ ೯ ಅದಕ್ಕೆ ಅಂಕಿಯೇ ಅಲ್ಲ. ಆ ಟೆಸ್ಟನ್ನು ನಾನು ಸೇರಿಸಿದೆ. ಮೂರೂ ಬ್ರೌಸರ್‌ಗಳಲ್ಲಿ ಕೆಂಪಾಯಿತು. ಕನ್ನಡ ಅಂಕಿಯನ್ನು ಬದಲಿಸಿಕೊಳ್ಳುವ ನಾಲ್ಕು ಸಾಲನ್ನು ಕೋಪೈಲಟ್ ಬರೆದುಕೊಟ್ಟ ಮೇಲೆ ಹಸಿರು. ಫೋನಿನಿಂದ ನಕಲು ಮಾಡಿ ಅಂಟಿಸಿದ, +91 ಮತ್ತು ನಡುವೆ ಖಾಲಿ ಜಾಗ ಇರುವ ಸಂಖ್ಯೆಯ ಟೆಸ್ಟ್ ಮಾತ್ರ ಇವತ್ತಿಗೂ ಕೆಂಪಾಗಿದೆ. ಮುಂದಿನ ಪ್ರದರ್ಶನಕ್ಕೆ ಹತ್ತು ದಿನ ಬಾಕಿ.