ಮುರಕಲ್ಲಿನ ಮಣ್ಣಿನಲ್ಲಿ ಹಳೆಯ ರೋಗ ಹುಡುಕುವಾಗ ಮೊದಲು ಹಲ್ಲು ನೋಡಿ

ಮಂಗಳೂರು, ಉಡುಪಿ ಕಡೆ ಹಳೆಯ ಸಮಾಧಿ ತೆರೆದರೆ ಇಡೀ ಅಸ್ಥಿಪಂಜರ ಸಿಕ್ಕೀತು ಎಂದು ಕಾಯಬೇಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಆಮ್ಲೀಯ, ಅದರ ಮೇಲೆ ವರ್ಷಕ್ಕೆ 3500 ಮಿ.ಮೀ. ಆಸುಪಾಸಿನ ಮಳೆ. ನೀರು ಇಳಿದಿಳಿದು ಎಲುಬಿನ ಖನಿಜವನ್ನು ಕರಗಿಸಿಬಿಡುತ್ತದೆ. ಊರವರು ‘ಪಾಂಡವರ ಕಲ್ಲು’ ಎನ್ನುವ ಬೃಹತ್ ಶಿಲಾ ಗೋರಿಗಳಲ್ಲಿ ಮಡಕೆ ಚೂರು ಉಳಿದರೂ ಎಲುಬು ಉಳಿಯುವುದು ಅಪರೂಪ. ಚಿಪ್ಪು ಬೆರೆತ ಹೊಯಿಗೆಯಲ್ಲಿ ಹೂತದ್ದಾದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು, ಚಿಪ್ಪಿನ ಸುಣ್ಣ ಆಮ್ಲವನ್ನು ತಡೆಯುತ್ತದೆ. ರಾಜಸ್ಥಾನದ ಬಾಲಾಥಲ್‌ನಲ್ಲಿ ಸುಮಾರು 4000 ವರ್ಷ ಹಿಂದಿನ ಕುಷ್ಠರೋಗಿಯ ಅಸ್ಥಿಪಂಜರವನ್ನು 2009ರಲ್ಲಿ ವರದಿ ಮಾಡಿದರಲ್ಲ, ಅದು ಸಿಕ್ಕಿದ್ದು ಸುಟ್ಟ ಸಗಣಿಯ ಬೂದಿ ತುಂಬಿದ ಕಲ್ಲಿನ ಆವರಣದಲ್ಲಿ. ಬೂದಿ ಕ್ಷಾರ, ನಮ್ಮ ಮಣ್ಣು ಅದಕ್ಕೆ ತದ್ವಿರುದ್ಧ.

ಆದ್ದರಿಂದ ನಾವು ಕೆಲಸ ಶುರು ಮಾಡುವುದು ಹಲ್ಲಿನಿಂದ. ಹಲ್ಲಿನ ಹೊರಪದರ ಎನಾಮಲ್ ತೂಕದಲ್ಲಿ ಶೇ. 96ರಷ್ಟು ಖನಿಜ, ಎಲುಬು ಕರಗಿದ ಮೇಲೂ ಹಲ್ಲಿನ ತಲೆಭಾಗ ಉಳಿದಿರುತ್ತದೆ.

ಒಂದು ಮಾತು ಮೊದಲೇ. ಕಲ್ಲುಕೋರೆಯಲ್ಲೋ ಮನೆ ಪಾಯದಲ್ಲೋ ಎಲುಬು ಕಂಡರೆ ಜೆಸಿಬಿ ನಿಲ್ಲಿಸಿ ಪೊಲೀಸರಿಗೆ ತಿಳಿಸಬೇಕು, ಹಳೆಯದೆಂದು ಖಚಿತವಾದ ಮೇಲೆ ಪುರಾತತ್ವ ಇಲಾಖೆಗೆ. ಮುಂದೆ ಹೇಳುವುದೆಲ್ಲ ಅನುಮತಿ ಇರುವ ಉತ್ಖನನದ ಕೆಲಸ.

ಹಲ್ಲಿನ ಹತ್ತಿರ ಬಂದಾಗ ಕಬ್ಬಿಣದ ಸಲಕರಣೆ ಬದಿಗಿಟ್ಟು ಬಿದಿರಿನ ಕಡ್ಡಿ, ಮೆತ್ತನೆಯ ಬ್ರಷ್ ಹಿಡಿಯುತ್ತೇವೆ. ಲೋಹದ ಗೀರು ಮುಂದೆ ಯಾರಿಗೋ ಹಳೆಯ ಗಾಯದ ಗುರುತಾಗಿ ಕಾಣುತ್ತದೆ. ದವಡೆಯನ್ನು ಬಿಡಿಸಲು ಹೋಗದೆ ಮಣ್ಣಿನ ಗಡ್ಡೆ ಸಮೇತ ಎತ್ತುತ್ತೇವೆ. ತಲೆಯ ಸುತ್ತಲಿನ ಮಣ್ಣು 1 ಮಿ.ಮೀ. ಜರಡಿಯಲ್ಲಿ ನೀರಿನೊಂದಿಗೆ ಸೋಸಬೇಕು, ಕೈಯಿಂದ ಉಜ್ಜಬಾರದು. ದೊಡ್ಡ ಕಣ್ಣಿನ ಜರಡಿ ಸಾಕು ಎಂದರೆ ಮಕ್ಕಳ ಇನ್ನೂ ಮೂಡದ ಹಲ್ಲಿನ ಮೊಗ್ಗುಗಳು ಮಣ್ಣಿನ ಜೊತೆ ಹೋಗಿಬಿಡುತ್ತವೆ, ಆಮೇಲೆ ವರದಿಯಲ್ಲಿ ಆ ಊರಿನಲ್ಲಿ ಮಕ್ಕಳು ಸತ್ತೇ ಇಲ್ಲ ಎನ್ನುವಂತಾಗುತ್ತದೆ. ಒಣಗಿಸುವುದು ನೆರಳಲ್ಲೇ, ರಟ್ಟಿನ ತಟ್ಟೆಯಲ್ಲಿ ಪೇಪರ್ ಹಾಸಿ. ಬಿಸಿಲಿಗೋ ಫ್ಯಾನಿಗೋ ಇಟ್ಟರೆ ಒಳಗಿನ ಡೆಂಟಿನ್ ಕುಗ್ಗಿ ಎನಾಮಲ್ ಚಕ್ಕೆ ಎದ್ದು ಬರುತ್ತದೆ.

ತೊಳೆಯುವ ಮೊದಲು ಹಲ್ಲಿಗೆ ಕಟ್ಟಿದ ಗಟ್ಟಿ ಕಲ್ಲನ್ನು ನೋಡಬೇಕು. ಅದರೊಳಗೆ ಪಿಷ್ಟದ ಕಣ, ಬಾಯಿಯ ಬ್ಯಾಕ್ಟೀರಿಯಾ ಎರಡೂ ಸಿಕ್ಕಿಕೊಂಡಿರುತ್ತವೆ. ಒಂದೆರಡು ಹಲ್ಲಿನಿಂದ ಅರ್ಧ ಕಲ್ಲನ್ನಷ್ಟೇ ಹೊಸ ಸ್ಕ್ಯಾಲ್ಪೆಲ್‌ನಿಂದ ಚಕ್ಕೆ ಎಬ್ಬಿಸಿ 1.5 ಮಿ.ಲೀ. ಟ್ಯೂಬಿಗೆ ಹಾಕಿ, ಉಳಿದರ್ಧ ಹಾಗೇ ಬಿಡುತ್ತೇವೆ. ಪಕ್ಕದ ಮಣ್ಣಿನದೂ ಒಂದು ಮಾದರಿ ಬೇಕು. ಪೌಡರ್ ಹಾಕಿದ ಗ್ಲೌಸ್ ಬೇಡ, ಆ ಪೌಡರೇ ಮೆಕ್ಕೆಜೋಳದ ಪಿಷ್ಟ. ಮಧ್ಯಾಹ್ನದ ಗಂಜಿ ಊಟವೂ ಆ ಮೇಜಿನಿಂದ ದೂರ.

ಹಲ್ಲು ಓದುವಾಗ ಬಾಚಿಹಲ್ಲು, ಕೋರೆಹಲ್ಲುಗಳ ಮೇಲೆ ಓರೆಯಾಗಿ ಟಾರ್ಚ್ ಬಿಡಿ, 10 ಪಟ್ಟು ಲೆನ್ಸ್ ಸಾಕು. ಬಾಲ್ಯದಲ್ಲಿ ಗಟ್ಟಿ ಕಾಯಿಲೆಯೋ ಹಸಿವೋ ಬಂದು ಎನಾಮಲ್ ಬೆಳೆಯುವುದು ನಿಂತಾಗ ಅಡ್ಡ ಗೆರೆ ಬೀಳುತ್ತದೆ. ಕಣ್ಣಿಗೆ ಕಂಡರಷ್ಟೇ ನಂಬಬೇಡಿ, ಉಗುರಿಗೂ ತಗಲಬೇಕು. ಎನಾಮಲ್ ಮತ್ತು ಬೇರು ಸೇರುವ ಗೆರೆಯಿಂದ ಈ ಅಡ್ಡ ಗೆರೆಯವರೆಗಿನ ಎತ್ತರವನ್ನು ಕ್ಯಾಲಿಪರ್‌ನಿಂದ ಅಳೆಯುತ್ತೇವೆ. ಮೇಲಿನ ಕೋರೆಹಲ್ಲಿಗೆ ಬಳಕೆಯಲ್ಲಿರುವ ಲೆಕ್ಕ ಇದು: ಎತ್ತರವನ್ನು 0.625ರಿಂದ ಗುಣಿಸಿ 6ರಿಂದ ಕಳೆಯಿರಿ. 4 ಮಿ.ಮೀ. ಬಂದರೆ ಸುಮಾರು ಮೂರೂವರೆ ವರ್ಷದ ವಯಸ್ಸಿನಲ್ಲಿ ಕಾಯಿಲೆ. ಇದು ಸರಾಸರಿ ಹಲ್ಲಿನ ಲೆಕ್ಕ, ತಿಂಗಳ ಮಟ್ಟಿಗೆ ಎಳೆಯಬಾರದು. ಇನ್ನೊಂದು ತೊಡಕು ಹಲ್ಲು ಸವೆದಿರುವುದು. ತುದಿ ಸವೆದರೆ ಮೊದಲ ವರ್ಷಗಳ ಗೆರೆಗಳು ಇಲ್ಲವಾಗುತ್ತವೆ. ಹಾಗಾಗಿ ಸವೆದ ಹಲ್ಲಿನಲ್ಲಿ ಗೆರೆ ಇಲ್ಲದಿದ್ದರೆ ‘ಇಲ್ಲ’ ಎಂದು ಬರೆಯುವುದಿಲ್ಲ, ‘ನೋಡಲಾಗದು’ ಎಂದು ಬರೆಯುತ್ತೇವೆ. ಶೇಕಡಾ ಲೆಕ್ಕ ಹಾಕುವಾಗ ನೋಡಲಾಗದವನ್ನು ಪೂರ್ತಿ ಬಿಟ್ಟುಬಿಡಬೇಕು. ಈ ವಿಭಾಗದಲ್ಲಿ ನಾನು ಕಂಡ ವರದಿಗಳಲ್ಲಿ ಹೆಚ್ಚಿನವು ಎಡವುವುದು ಇಲ್ಲೇ.

ನಮ್ಮ ಮಣ್ಣಿನ ಕೆಂಪು, ಕಪ್ಪು ಕಲೆಗಳು ಭಾರೀ ಮೋಸ ಮಾಡುತ್ತವೆ. ಮ್ಯಾಂಗನೀಸಿನ ಕಪ್ಪು ಚುಕ್ಕೆ ಹುಳುಕಿನಂತೆಯೇ ಕಾಣುತ್ತದೆ. ಹುಳುಕಾಗಿದ್ದರೆ ಮೊಂಡು ತುದಿಯ ಪ್ರೋಬ್ ಒಳಗೆ ಇಳಿಯುತ್ತದೆ, ಕಲೆಯಾಗಿದ್ದರೆ ಜಾರುತ್ತದೆ. ಎಲೆ-ಅಡಿಕೆಯ ಕೆಂಪಿಗೂ ಮಣ್ಣಿನ ಕೆಂಪಿಗೂ ವ್ಯತ್ಯಾಸ ಹೀಗೆ ತಿಳಿಯುತ್ತದೆ: ಎಲೆ-ಅಡಿಕೆಯ ಬಣ್ಣ ಬಾಯಿಗೆ ತೆರೆದ ಭಾಗದಲ್ಲಷ್ಟೇ ಇರುತ್ತದೆ, ವಸಡಿನೊಳಗಿದ್ದ ಬೇರಿನಲ್ಲಿ ಇರುವುದಿಲ್ಲ. ಒಡೆದ ಮುಖಕ್ಕೂ ಬಣ್ಣ ಹತ್ತಿದ್ದರೆ ಅದು ಮಣ್ಣಿನದೇ. ಬದುಕಿದ್ದಾಗ ಬಿದ್ದ ಹಲ್ಲಿನ ಗುಳಿ ತುಂಬಿ ನುಣುಪಾಗಿರುತ್ತದೆ, ಸತ್ತ ಮೇಲೆ ಬಿದ್ದದ್ದರ ಅಂಚು ಚೂಪು.

ಎಲುಬು ಸಿಕ್ಕರೂ ಅದೇ ಪ್ರಶ್ನೆ: ಮಣ್ಣು ಮಾಡಿದ್ದೆಷ್ಟು, ರೋಗ ಮಾಡಿದ್ದೆಷ್ಟು? ಸೋಂಕಿಗೆ ಎಲುಬು ಪ್ರತಿಕ್ರಿಯಿಸಿದ್ದರೆ ಮೇಲ್ಮೈಯಲ್ಲಿ ಹೊಸ ಪದರ ಏರಿ ಕೂತಿರುತ್ತದೆ. ಬೇರು, ಗೆದ್ದಲು, ಆಮ್ಲ ಕೊರೆದು ಒಳಗಿಳಿಯುತ್ತವೆ, ಮುಳ್ಳುಹಂದಿ ಕಡಿದರೆ ಸಮಾನಾಂತರ ಗೀರುಗಳು. ಬೆನ್ನುಮೂಳೆಯ ಕ್ಷಯದಲ್ಲಿ ಮಾತ್ರ ಈ ಸೂತ್ರ ಕೈಕೊಡುತ್ತದೆ. ಅಲ್ಲಿ ರೋಗವೇ ಕಶೇರುಮಣಿಯನ್ನು ಕೊರೆಯುತ್ತದೆ, ಹೊಸ ಎಲುಬು ಕಟ್ಟುವುದು ಬಹಳ ಕಡಿಮೆ. ಕಣ್ಣುಗೂಡಿನ ಚಾವಣಿಯಲ್ಲಿ ಸಣ್ಣ ರಂಧ್ರಗಳು ಕಂಡರೆ ಮಂಗಳೂರಿನಲ್ಲಿ ಯಾರಾದರೂ ಮಲೇರಿಯಾ ಎಂದೇ ಎನ್ನುತ್ತಾರೆ. ಅದು ರಕ್ತಹೀನತೆಯ ಗುರುತಾಗಿರಬಹುದು ಅಷ್ಟೇ. ಕಾರಣ ಹುಳುವೋ, ಆಹಾರವೋ, ಮಲೇರಿಯಾವೋ ರಂಧ್ರ ಹೇಳುವುದಿಲ್ಲ. ಹೊಸಬರು ಇದಕ್ಕೆ ಕೈಹಾಕುವ ಮೊದಲು ಮಣಿಪಾಲದ ಅಂಗರಚನಾ ಮ್ಯೂಸಿಯಂನಲ್ಲಿ ಆರೋಗ್ಯವಂತ ಎಲುಬನ್ನು ಕಣ್ಣು ತುಂಬ ನೋಡಿಕೊಂಡು ಬರಲಿ.

ಡಿಎನ್‌ಎ ಬಗ್ಗೆ ಹೆಚ್ಚು ಆಸೆ ಬೇಡ. ಹರಿಯಾಣದ ಸಿಂಧೂ ನಾಗರಿಕತೆಯ ತಾಣ ರಾಖಿಗಢಿಯಲ್ಲಿ 61 ಮಾದರಿ ಪರೀಕ್ಷಿಸಿ ಒಂದರಲ್ಲಿ ಮಾತ್ರ ಬಳಸಬಹುದಾದ ಡಿಎನ್‌ಎ ಸಿಕ್ಕಿದ್ದನ್ನು 2019ರಲ್ಲಿ ಪ್ರಕಟಿಸಿದರು. ಕರಾವಳಿಯ ಸೆಕೆ, ತೇವ ಇನ್ನೂ ಕಷ್ಟ. ಆದರೂ ಒಳಕಿವಿಯ ಸುತ್ತಲಿನ ಗಟ್ಟಿ ಎಲುಬು ಉಳಿದಿದ್ದರೆ ಅದಕ್ಕೆ ಯಾವ ದ್ರಾವಣವನ್ನೂ ಹಚ್ಚದೆ ಬೇರೆ ತೆಗೆದಿಡಿ.

ಮೆತ್ತಗಾದ ಎಲುಬು ಗಟ್ಟಿಯಾಗಲು ನಾವು ಹಚ್ಚುವುದು 100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ. ಬೇಕಾದಾಗ ಅಸಿಟೋನ್‌ನಿಂದಲೇ ಬಿಡಿಸಬಹುದು, ಫೆವಿಕಾಲ್ ಹಾಗಲ್ಲ. ಮಳೆಗಾಲದಲ್ಲಿ ಹಚ್ಚಿದರೆ ಅಸಿಟೋನ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಕೂತು ಬಿಳಿ ಪೊರೆ ಬರುತ್ತದೆ. ಡಿಸೆಂಬರ್–ಫೆಬ್ರವರಿಗೆ ಕಾಯಿರಿ, ಇಲ್ಲದಿದ್ದರೆ ಏಸಿ ಕೋಣೆ. ಜಿಪ್ ಚೀಲಕ್ಕೆ ತೂತು ಕೊಡದೆ ಮುಚ್ಚಿಟ್ಟರೆ ಆಟಿ ತಿಂಗಳಿಗೆ (ಜುಲೈ–ಆಗಸ್ಟ್) ಬೂಷ್ಟು ಹಿಡಿಯುವುದು ಖಂಡಿತ. ಸಿಲಿಕಾ ಜೆಲ್ ಪೊಟ್ಟಣವನ್ನು ಪೆಟ್ಟಿಗೆಯೊಳಗೆ ಇಡಿ, ನೀಲಿ ಹೋಗಿ ಗುಲಾಬಿಯಾದಾಗ ಬದಲಿಸಿ. ಲೇಬಲ್ ಬರೆಯುವುದು ಪೆನ್ಸಿಲಿನಲ್ಲಿ, ಒಂದು ಒಳಗೆ, ಒಂದು ಹೊರಗೆ. ಬಾಲ್‌ಪೆನ್ನಿನ ಶಾಯಿ ಅಸಿಟೋನ್ ತಗಲಿದ ಕೂಡಲೇ ಹರಡುತ್ತದೆ.