ಸೆಖೆಗೂ ಭೂಕಂಪಕ್ಕೂ ಗಂಟು ಹಾಕಬೇಡಿ

ವಿಜಯಪುರ, ಕಲಬುರಗಿ ಕಡೆಯವರೇ, ನೆಲದೊಳಗಿಂದ ಸದ್ದು ಬಂದ ಕೂಡಲೇ ವಾಟ್ಸಾಪ್ ಸುದ್ದಿ ಹರಡಬೇಡಿ. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ 'ಭೂಕಂಪ್' ಆ್ಯಪ್ ತೆರೆಯಿರಿ. ನಾನು ಮೊದಲು ನೋಡೋದು ಆಳ. ನೆಲದಿಂದ 5-10 ಕಿ.ಮೀ. ಒಳಗಾದರೆ ಸಣ್ಣ ಕಂಪನಕ್ಕೂ ಪಾತ್ರೆ ಅಲುಗಾಡುತ್ತೆ. ಆಮೇಲೆ ತೀವ್ರತೆ: 3ರಿಂದ 4ಕ್ಕೆ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು! ಮೊದಲ ಅಂಕಿ ಆಮೇಲೆ ಬದಲಾಗಬಹುದು, ಸ್ವಲ್ಪ ತಾಳಿ. ವಿದೇಶಿ ತಾಣಗಳಲ್ಲಿ ಯುಟಿಸಿ (ಜಾಗತಿಕ ಪ್ರಮಾಣಿತ) ಸಮಯವಿದ್ದರೆ ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿ.

"ಸೆಖೆ ಜಾಸ್ತಿ, ಭೂಕಂಪ ಆಗುತ್ತೆ" ಅನ್ನೋರು ನಮ್ಮ ಓಣಿಯಲ್ಲೂ ಇದ್ದಾರೆ. ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಬೇಸಿಗೆಯಲ್ಲಲ್ಲ.

ಏಪ್ರಿಲ್-ಮೇ ಸಂಜೆ ಮೋಡ ಕಟ್ಟಿದರೆ ಸಿಡಿಲಿಗೆ 'ದಾಮಿನಿ' ಆ್ಯಪ್ ನೋಡಿ. ಹೊಲದಲ್ಲಿದ್ದರೆ ಮರದಡಿ ನಿಲ್ಲದೆ ಮನೆ ಸೇರಿ.